ಐನ್‌ಸ್ಟೈನರ ಸಿದ್ಧಾಂತಕ್ಕೆ ಒರೆಗಲ್ಲು

ಚಿನ್ನವು ಎಷ್ಟೇ ಹೊಳೆದರೂ ಒರೆಗೆ ಹಚ್ಚದೆ ಯಾರೂ ಅದನ್ನು ಕೊಳ್ಳುವುದಿಲ್ಲ. ಸಿದ್ಧಾಂತಗಳಿಗೂ ಇದೇ ನ್ಯಾಯವು ಸಲ್ಲತಕ್ಕದ್ದು. 1915ರಲ್ಲಿ ಐನ್‌ಸ್ಟೈನ್ ಮಹಾಶಯರು ಸಾರಿದ ಗುರುತ್ವಸಿದ್ಧಾಂತವನ್ನು ಲೋಕವು ಮನ್ನಿಸಿರುವುದು ಅವರ ಹೆಸರಿಗಾಗಿ ಅಲ್ಲ, ಅದು ಪರೀಕ್ಷೆಗಳಲ್ಲಿ ಗೆದ್ದುದಕ್ಕಾಗಿ. ಆ ಪರೀಕ್ಷೆಗಳಲ್ಲಿ ಅತಿ ಕಠಿಣವಾದುದೊಂದಕ್ಕೆ ತಳಹದಿ ಹಾಕಿದವರು ಬೆಂಗಳೂರಿನವರೆಂಬುದನ್ನು ಕನ್ನಡಿಗರಲ್ಲಿ ಎಷ್ಟು ಮಂದಿ ಬಲ್ಲರು?

ಬೆಳಕನ್ನೂ ಹೊರಬಿಡದ ಕಪ್ಪುಕುಳಿಯನ್ನು ಕದಡಿದರೆ, ಅದು ಬಡಿದ ಗಂಟೆಯಂತೆ ನಿಯತ ಸ್ವರದಲ್ಲಿ ಗುರುತ್ವದ ಅಲೆಗಳನ್ನು ಹೊರಡಿಸಿ ಬೇಗನೆ ಮೌನವಾಗುವುದೆಂದು ಸಿ. ವಿ. ವಿಶ್ವೇಶ್ವರ ಅವರು 1970ರಲ್ಲಿ ಗಣಿತದಿಂದ ತೋರಿಸಿದರು. ಕುಳಿಯ ದ್ರವ್ಯರಾಶಿ ಮತ್ತು ಭ್ರಮಣ, ಇವೆರಡೇ ಅದರ ಸ್ವರಗಳನ್ನು ನಿರ್ಣಯಿಸತಕ್ಕವು. ಆದುದರಿಂದ ಒಂದೇ ಕುಳಿಯ ಎರಡು ಸ್ವರಗಳು ಒಂದೇ ಲೆಕ್ಕವನ್ನು ಹೇಳಬೇಕು. ಬೇರೆ ಬೇರೆ ಹೇಳಿದರೆ ಸಿದ್ಧಾಂತಕ್ಕೆ ಕುಂದು ತಟ್ಟಿತೆಂದೇ ಅರ್ಥ.

2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೊ ಯಂತ್ರಗಳೆರಡು ಇಂತಹ ಅಲೆಯನ್ನು ಪ್ರಥಮವಾಗಿ ಹಿಡಿದವು. ಆ ವಾರ್ತೆಯನ್ನು ಕೇಳುವ ಭಾಗ್ಯವು ವಿಶ್ವೇಶ್ವರರಿಗೆ ಲಭಿಸಿತು. 2017ರ ಜನವರಿಯಲ್ಲಿ ಅವರು ನಿಧನರಾದರು. 2025ರ ಜನವರಿ 14ರಂದು ಬಂದ ಅಲೆಯು ಮೊದಲನೆಯದಕ್ಕಿಂತ ಬಹು ಸ್ಪಷ್ಟವಾಗಿದ್ದು, ಅದರಲ್ಲಿ ಎರಡು ಸ್ವರಗಳನ್ನು ಬೇರ್ಪಡಿಸಲು ಸಾಧ್ಯವಾಯಿತು. ಲೆಕ್ಕವು ಕೂಡಿತು, ಸಿದ್ಧಾಂತವು ಗೆದ್ದಿತು.

ಆದರೂ ಪರೀಕ್ಷೆಯು ಮುಗಿಯಿತೆನ್ನಲಾಗದು. ಗುರುತ್ವದ ಅಲೆಯು ಆಕಾಶವನ್ನು ಹಿಗ್ಗಿಸಿ ಕುಗ್ಗಿಸುವ ರೀತಿಗಳು ಎರಡೇ ಎಂದು ಐನ್‌ಸ್ಟೈನರ ಮತ; ಆರರವರೆಗೂ ಇರಬಹುದೆಂದು ಅನ್ಯ ಮತಗಳು. ಅಮೆರಿಕದ ಯಂತ್ರಗಳೆರಡೂ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಹೊಂದಿಕೊಂಡಿರುವುದರಿಂದ ಅವುಗಳ ಸಾಕ್ಷ್ಯವೊಂದೇ ಸಾಲದು. ಇಟಲಿ, ಜಪಾನುಗಳ ಯಂತ್ರಗಳೊಡನೆ ದೂರದ ಮತ್ತೊಂದು ಪ್ರಬಲ ಸಾಕ್ಷಿಯೂ ಬೇಕು. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಗೆ ಗೊತ್ತುಮಾಡಿದ ಲೈಗೊ-ಇಂಡಿಯಾ ಯಂತ್ರದ ಮಹತ್ವವು ಇಲ್ಲಿಯೇ ಇರುವುದು. 2016ರಲ್ಲಿ ತಾತ್ವಿಕ ಒಪ್ಪಿಗೆ ಪಡೆದ ಈ ಕಾರ್ಯಕ್ಕೆ ಕೇಂದ್ರ ಮಂತ್ರಿಮಂಡಲದ ಪೂರ್ಣ ಮಂಜೂರಾತಿ ದೊರೆತುದು 2023ರ ಏಪ್ರಿಲಿನಲ್ಲಿ. ಮೊಬಲಗು ಸುಮಾರು 2,600 ಕೋಟಿ ರೂಪಾಯಿ. ಕಡತಗಳ ನಡುವೆ ಏಳು ವರ್ಷಗಳು ಸವೆದುವು!

“ಇದರಿಂದ ನಮಗೇನು ಲಾಭ?” ಎಂದು ತುಮಕೂರಿನ ಉಪ್ಪಾರಹಳ್ಳಿಯ ಗೃಹಸ್ಥರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಅವರ ಊರಿನಲ್ಲಿ ರೈಲು ಹಾದಾಗ ನೆಲವು ಅದಿರುವುದಷ್ಟೆ. ಅಂತಹ ಅದಿರುಗಳನ್ನೆಲ್ಲ ಅಡಗಿಸಿ, ನಾಲ್ಕು ಕಿಲೋಮೀಟರು ಉದ್ದದ ತೋಳಿನಲ್ಲಿ ಪ್ರೋಟಾನಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಿರಿದಾದ ವ್ಯತ್ಯಾಸವನ್ನು ಈ ಯಂತ್ರವು ಅಳೆಯಬೇಕು. ಅದಕ್ಕೆ ಬೇಕಾದ ಕನ್ನಡಿ, ನಿರ್ವಾತ ಕೊಳವೆ, ಲೇಸರುಗಳ ಕುಶಲವಿದ್ಯೆಯನ್ನು ಕಲಿತ ಕೈಗಳು ದೇಶಕ್ಕೆ ಶಾಶ್ವತವಾದ ಆಸ್ತಿ.

ಎಲ್ಲವೂ ನಮ್ಮ ಪೂರ್ವಿಕರಿಗೆ ತಿಳಿದಿತ್ತೆಂದು ಬೀಗುವುದು ದೇಶಾಭಿಮಾನವಲ್ಲ. ವಿಶ್ವೇಶ್ವರರ ತರುವಾಯ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಬಾಲ ಅಯ್ಯರ್ ಮೊದಲಾದವರು ಈ ಅಲೆಗಳ ಸೂಕ್ಷ್ಮ ಲೆಕ್ಕವನ್ನು ಬೆಳೆಸಿದರು. ನಮ್ಮವರ ಗಣಿತವನ್ನು ಪರರಾಷ್ಟ್ರದ ಯಂತ್ರಗಳೇ ಸದಾ ಒರೆಗೆ ಹಚ್ಚುತ್ತಿರಬೇಕೆ? ಸರ್ಕಾರದವರು ಇನ್ನು ಕಾಲಹರಣಕ್ಕೆ ಎಡೆಗೊಡದೆ ಹಿಂಗೋಲಿಯ ಕಾರ್ಯವನ್ನು ಮುಗಿಸತಕ್ಕದ್ದು. ನಮ್ಮ ಕಾಲೇಜುಗಳು ಅದಕ್ಕೆ ತಕ್ಕ ತರುಣರನ್ನು ಈಗಿನಿಂದಲೇ ಸಿದ್ಧಪಡಿಸತಕ್ಕದ್ದು.