ಕಾರಿನ 'ಟಕ್ ಟಕ್'ಗೆ ಮನೆಮದ್ದು: ಎಲ್ಲಿಯವರೆಗೆ?

ಹಂಪ್ ಇಳಿದಾಗಲೆಲ್ಲ ನಿಮ್ಮ ಕಾರಿನ ಅಡಿಯಿಂದ 'ಟಕ್ ಟಕ್' ಅನ್ನೋ ಸದ್ದು ಬರುತ್ತಿದೆಯೇ? ಗ್ಯಾರೇಜಿಗೆ ಒಯ್ದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: "ಮೇಡಂ, ಸಸ್ಪೆನ್ಷನ್ ಪೂರ್ತಿ ಹೋಗಿದೆ. ಸೆಟ್ಟೇ ಚೇಂಜ್ ಮಾಡ್ಬೇಕು." ಅಲ್ಲಿಗೆ ಆ ತಿಂಗಳ ಮನೆಖರ್ಚಿನ ಲೆಕ್ಕ ತಲೆಕೆಳಗು.

ಈ 'ಪೂರ್ತಿ ಹೋಗಿದೆ' ಎಂಬ ಮಾತನ್ನು ಸ್ವಲ್ಪ ಅನುಮಾನದಿಂದಲೇ ಕೇಳಬೇಕು. ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾಯಿತು ಅಂತ ನಾವು ಕುಕ್ಕರನ್ನೇ ಎಸೆಯುತ್ತೇವೆಯೇ? ಕಾರಿನ ಅಡಿಯಲ್ಲೂ ಅಂಥ ಗ್ಯಾಸ್ಕೆಟ್‌ಗಳಿವೆ. ಅವುಗಳ ಹೆಸರು ಬುಷ್. ಕಬ್ಬಿಣಕ್ಕೆ ಕಬ್ಬಿಣ ತಾಗದಂತೆ ನಡುವೆ ಕೂರಿಸಿದ ರಬ್ಬರು. ಬಿಸಿಲು, ಕೆಸರು, ಎಣ್ಣೆ ತಿಂದು ಈ ರಬ್ಬರು ಗಟ್ಟಿಯಾಗುತ್ತದೆ, ಬಿರಿಯುತ್ತದೆ, ಆಮೇಲೆ ಸದ್ದು ಶುರು. ತಮಾಷೆ ನೋಡಿ, ಮೆಕ್ಯಾನಿಕ್‌ಗಳು ಇದರಲ್ಲಿ ಒಂದು ಬಗೆಯನ್ನು 'ಸೈಲೆಂಟ್ ಬುಷ್' ಅಂತಲೇ ಕರೆಯುತ್ತಾರೆ. ಕೆಟ್ಟ ಮೇಲೆ ಅತಿ ಹೆಚ್ಚು ಗಲಾಟೆ ಮಾಡುವುದು ಅದೇ!

ಆದರೆ ಕುಕ್ಕರಿನ ಹೋಲಿಕೆ ಇಲ್ಲಿಗೆ ಸಾಕು. ಕಾರಿನ ಅಡಿಯಲ್ಲಿ ಸದ್ದು ಮಾಡುವ ಭಾಗಗಳಿವೆ, ಚಕ್ರವನ್ನು ಹಿಡಿದುಕೊಂಡಿರುವ ಭಾಗಗಳೂ ಇವೆ. ಮೊದಲನೆಯದಕ್ಕೆ ಕಡಿಮೆ ಖರ್ಚಿನ ಮನೆಕೆಲಸ ಸರಿ. ಎರಡನೆಯದರಲ್ಲಿ ಉಳಿತಾಯದ ಮಾತೇ ಬೇಡ. ಈ ಗೆರೆ ಎಲ್ಲಿದೆ ಅನ್ನೋದು ಕಾರು ಓಡಿಸುವ ಹೆಣ್ಣುಮಕ್ಕಳಿಗೆ ಗೊತ್ತಿರಲೇಬೇಕು ಅನ್ನೋದು ನನ್ನ ವಾದ. ಯಾಕೆಂದರೆ ಗೊತ್ತಿಲ್ಲದಿದ್ದರೆ ಎರಡು ಕಡೆಯೂ ಪೆಟ್ಟು. ಒಂದೋ ನೂರಿನ್ನೂರರ ರಬ್ಬರಿಗೆ ಸಾವಿರಗಟ್ಟಲೆ ಕೊಡುತ್ತೇವೆ, ಇಲ್ಲವೇ "ಸದ್ದು ತಾನೇ, ಇರಲಿ ಬಿಡಿ" ಅಂತ ಅಪಾಯವನ್ನು ಕಾರಿನ ಜೊತೆಗೇ ಎಳೆದುಕೊಂಡು ತಿರುಗುತ್ತೇವೆ.

ಮೊದಲು ಸದ್ದನ್ನು ಗುರುತಿಸಿ. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಎಳೆದಿಡಿ. ಮನೆಯವರನ್ನೋ ಮಗನನ್ನೋ ಕರೆದು ಮುಂದಿನ ಭಾಗವನ್ನು ಒತ್ತಿ ಒತ್ತಿ ಕುಲುಕಲು ಹೇಳಿ, ನೀವು ಚಕ್ರದ ಪಕ್ಕ ಕುಳಿತು ಕೇಳಿ. 'ಕಿರ್ರ್' ಅಂದರೆ ಒಣಗಿದ ರಬ್ಬರು ಇರಬಹುದು. ಅನುಮಾನ ಬಂದ ಬುಷ್ ಮೇಲೆ ಸ್ವಲ್ಪ ನೀರು ಚಿಮುಕಿಸಿ, ಸದ್ದು ಕ್ಷಣ ನಿಂತು ಮತ್ತೆ ಬಂದರೆ ಕಳ್ಳ ಸಿಕ್ಕಿಬಿದ್ದ ಹಾಗೆ. ಒತ್ತಿ ಬಿಟ್ಟ ಮೇಲೂ ಕಾರು ಎರಡು ಮೂರು ಸಲ ತೂಗಿದರೆ ಅಥವಾ ಶಾಕ್ ಅಬ್ಸಾರ್ಬರಿನ ಮೈಮೇಲೆ ಎಣ್ಣೆ ಇಳಿದು ಧೂಳು ಮೆತ್ತಿಕೊಂಡಿದ್ದರೆ ಅದರ ಆಯಸ್ಸು ಮುಗಿಯಿತು ಅಂತ ತಿಳಿಯಿರಿ. ನಿಂತ ಕಾರಿನ ಸ್ಟಿಯರಿಂಗ್ ತಿರುಗಿಸುವಾಗ ಬಾನೆಟ್ಟಿನ ಕೆಳಗೆ 'ಟಣ್' ಅಂದರೆ ಶಾಕಿನ ತಲೆ ಕೂರುವ ಸ್ಟ್ರಟ್ ಮೌಂಟ್ ಕಡೆ ನೋಡಬೇಕು. ಟೈರಿನ ಒಂದು ಅಂಚು ಮಾತ್ರ ಬೋಳಾಗಿದ್ದರೆ ಅದೂ ಒಂದು ಸುಳಿವೇ.

ಕಿರ್ರ್ ಅನ್ನುವ ಬುಷ್‌ಗೆ ಅಡುಗೆಮನೆಯ ಕೊಬ್ಬರಿ ಎಣ್ಣೆಯನ್ನೋ ಹಳೇ ಎಂಜಿನ್ ಆಯಿಲನ್ನೋ ಸುರಿಯುವ ಅಭ್ಯಾಸ ಇದೆ. ಒಂದೆರಡು ದಿನ ಸದ್ದು ನಿಲ್ಲುವುದೂ ನಿಜ. ಆದರೆ ಇಂಥ ಎಣ್ಣೆ ರಬ್ಬರನ್ನು ಊದಿಸಿ ಮೆತ್ತಗೆ ಮಾಡುತ್ತದೆ, ಮೂರು ತಿಂಗಳು ಬರಬಹುದಾದ ಬುಷ್ ಇನ್ನೂ ಬೇಗ ಹರಿಯುತ್ತದೆ. ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಿಲಿಕೋನ್ ಗ್ರೀಸ್ ಅಂತಲೇ ಕೇಳಿ. ಮಣ್ಣು ತೊಳೆದು, ಒಣಗಿಸಿ, ತೆಳ್ಳಗೆ ಸವರಿದರೆ ಸಾಕು. ಬಿರುಕು ಬಿಟ್ಟ ಬುಷ್‌ಗೆ ಇದೂ ಮದ್ದಲ್ಲ ಅನ್ನಿ.

ಇನ್ನು ನಿಜವಾಗಿಯೂ ಮನೆಯಲ್ಲಿ ಮಾಡಿ ದುಡ್ಡು ಉಳಿಸಬಹುದಾದ ಕೆಲಸ ಅಂದರೆ ಸ್ಟೆಬಿಲೈಜರ್ ಲಿಂಕ್. ಹಂಪ್ ಮೇಲೆ, ಗುಂಡಿಯಲ್ಲಿ 'ಟಕ್ ಟಕ್' ಅನ್ನುವ ಸದ್ದಿನಲ್ಲಿ ಇದರ ಪಾಲು ದೊಡ್ಡದು. ಸ್ವಿಫ್ಟ್, ಐ10ನಂಥ ಕಾರುಗಳಲ್ಲಿ ಸ್ಟಿಯರಿಂಗನ್ನು ಪೂರ್ತಿ ಒಂದು ಕಡೆ ತಿರುಗಿಸಿ ಚಕ್ರದ ಹಿಂದೆ ಇಣುಕಿದರೆ, ಶಾಕಿನ ಪಕ್ಕದಲ್ಲಿ ನಿಂತ ತೆಳ್ಳನೆಯ ಕಡ್ಡಿ ಕಾಣುತ್ತದೆ. ಮೇಲೊಂದು ನಟ್ಟು, ಕೆಳಗೊಂದು ನಟ್ಟು, ಅಷ್ಟೇ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ, ರಬ್ಬರಿನ ಮೇಲೆ ಬೀಳದ ಹಾಗೆ. ನಟ್ಟು ತಿರುಗಿಸಿದರೆ ಬೋಲ್ಟೂ ಜೊತೆಗೆ ತಿರುಗಿ ಆಟ ಆಡಿಸುತ್ತದೆ. ಆಗ ಬೋಲ್ಟಿನ ತುದಿಯಲ್ಲಿರುವ ತೂತಿಗೆ ಅಲೆನ್ ಕೀ ಹಾಕಿ ಹಿಡಿದು, ಸ್ಪ್ಯಾನರಿನಿಂದ ನಟ್ಟು ಬಿಚ್ಚಿ. ಎರಡೂ ಮುಂಚಕ್ರಗಳು ನೆಲದ ಮೇಲೆ ಸಮ ಎತ್ತರದಲ್ಲಿರಬೇಕು, ಒಂದನ್ನೇ ಜಾಕ್ ಏರಿಸಿದರೆ ಬಾರ್ ತಿರುಚಿಕೊಂಡು ಲಿಂಕ್ ಬಿಗಿದುಕೊಳ್ಳುತ್ತದೆ. ಹೊಸ ಲಿಂಕಿನ ಜೊತೆ ಹೊಸ ನಟ್ಟು ಬರುತ್ತದೆ, ಹಳೆಯದನ್ನು ಹಾಕಬೇಡಿ. ಎಡ ಬಲ ಎರಡನ್ನೂ ಒಟ್ಟಿಗೇ ಬದಲಿಸಿ. ಈ ಕೆಲಸಕ್ಕೆ ವ್ಹೀಲ್ ಅಲೈನ್‌ಮೆಂಟ್ ಬೇಕಾಗುವುದಿಲ್ಲ, ಅದೂ ಒಂದು ಉಳಿತಾಯ.

ಅದೇ ಬಾರ್ ಹಿಡಿದಿರುವ ಬುಷ್‌ಗಳೂ ಸುಲಭ. ಒಂದು ಬದಿಯಲ್ಲಿ ಸೀಳಿರುತ್ತದೆ, ಕ್ಲ್ಯಾಂಪ್ ಬಿಚ್ಚಿ ಹಳೆಯದನ್ನು ಕಿತ್ತು ಹೊಸದನ್ನು ತೊಡಿಸಿದರಾಯಿತು. ಕೆಲವು ಕಾರುಗಳಲ್ಲಿ ಅಲ್ಲಿಗೆ ಕೈಯೇ ಹೋಗುವುದಿಲ್ಲ, ಅಂಥಲ್ಲಿ ಹಟ ಬೇಡ. ಮತ್ತೊಂದು ಎಚ್ಚರಿಕೆ. 2014ರಲ್ಲಿ ತಯಾರಿಕೆ ನಿಂತ ಮಾರುತಿ 800 ಇನ್ನೂ ನಿಮ್ಮ ಮನೆಯಲ್ಲಿದ್ದರೆ, ಅದರಲ್ಲಿ ಈ ಬಾರ್‌ನ ತುದಿಯೇ ನೇರವಾಗಿ ಕೆಳಗಿನ ಆರ್ಮ್‌ಗೆ ಸೇರಿ ಚಕ್ರ ಹಿಂದೆ ಮುಂದೆ ಸರಿಯದಂತೆ ಹಿಡಿದಿರುತ್ತದೆ. ಆ ತುದಿಗೆ ನೀವು ಕೈ ಹಾಕಬೇಡಿ.

ಕೆಳಗಿನ ಆರ್ಮ್‌ನ ಬುಷ್ ಹೋದರೆ? ಅದನ್ನು ಪ್ರೆಸ್ ಯಂತ್ರದಲ್ಲಿ ಒತ್ತಿಯೇ ಕೂರಿಸಬೇಕು, ಮನೆಯ ಸುತ್ತಿಗೆಗೆ ಬಗ್ಗುವುದಿಲ್ಲ. ಆದರೆ "ಅಣ್ಣಾ, ಬರೀ ಬುಷ್ ಸಿಗಲ್ವಾ? ಆರ್ಮ್ ಚೆನ್ನಾಗಿದ್ರೆ ಪ್ರೆಸ್ ಮಾಡಿಸಿ ಹಾಕ್ಕೊಡಿ" ಅಂತ ಕೇಳೋದಕ್ಕೆ ಏನು ಅಡ್ಡಿ? ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಬಿಡಿ ಬುಷ್ ಕೇಳಿ ತರಬಹುದು, ಕಾರಿನ ಮಾಡೆಲ್, ವರ್ಷ ಬರೆದುಕೊಂಡು ಹಳೇ ಬುಷ್ ಕೈಯಲ್ಲೇ ಹಿಡಿದು ಹೋಗಿ. ಹಾಗಂತ ಪೂರ್ತಿ ಆರ್ಮ್ ಹಾಕಿ ಅನ್ನುವವರೆಲ್ಲ ಮೋಸಗಾರರಲ್ಲ. ಎಷ್ಟೋ ಕಾರುಗಳಲ್ಲಿ ಬಾಲ್ ಜಾಯಿಂಟ್ ಆರ್ಮ್‌ಗೇ ಅಂಟಿಕೊಂಡು ಬರುತ್ತದೆ. ಅದೂ ಸಡಿಲವಾಗಿದ್ದರೆ ಪೂರ್ತಿ ಆರ್ಮೇ ಲಾಭ.

ಇಲ್ಲಿ ಮೆಕ್ಯಾನಿಕ್ಕಿಗೆ ನೆನಪಿಸಲೇಬೇಕಾದ ಒಂದು ಮಾತಿದೆ. ಈ ಬುಷ್‌ನ ಬೋಲ್ಟನ್ನು ಕೊನೆಯ ಬಾರಿ ಬಿಗಿಯುವಾಗ ಕಾರಿನ ಭಾರ ಚಕ್ರದ ಮೇಲೆ ಕೂತಿರಬೇಕು. ಚಕ್ರ ನೇತಾಡುತ್ತಿರುವಾಗಲೇ ಬಿಗಿದರೆ ಕಾರು ಕೆಳಗಿಳಿದ ಕೂಡಲೇ ರಬ್ಬರು ತಿರುಚಿಕೊಳ್ಳುತ್ತದೆ, ಆಮೇಲೆ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ನಮ್ಮ ಬೀದಿಯ ಒಂದು ಗ್ಯಾರೇಜಿನಲ್ಲಿ ಇದನ್ನು ಹೇಳಿದಾಗ ಹುಡುಗ ನಕ್ಕ, "ಅಕ್ಕಾ, ಎಲ್ಲಿ ಕಲಿತ್ರಿ?" ಅಂದ. ನಗಲಿ, ಕಾರು ಇಳಿಸಿದ ಮೇಲೆ ಬಿಗಿದನಲ್ಲ!

ಈಗ ಗೆರೆಯ ಆಚೆಗಿನ ಮಾತು. ಬಾಲ್ ಜಾಯಿಂಟ್ ಕಳಚಿದರೆ ಚಕ್ರವೇ ಮಡಚಿಕೊಳ್ಳುತ್ತದೆ, ಸ್ಟಿಯರಿಂಗ್ ನಿಮ್ಮ ಮಾತು ಕೇಳುವುದಿಲ್ಲ. ಟೈ ರಾಡ್ ಎಂಡ್ ಕೂಡ ಹಾಗೇ. ಇವನ್ನು ಬಡಿದು ಬಿಗಿ ಮಾಡಿಕೊಡುತ್ತೇನೆ, ವೆಲ್ಡ್ ಮಾಡಿಕೊಡುತ್ತೇನೆ ಅಂದರೆ ಕಾರನ್ನು ಅಲ್ಲಿಂದ ತೆಗೆದುಕೊಂಡು ಬನ್ನಿ. ತುಂಡಾದ ಸ್ಪ್ರಿಂಗನ್ನು ವೆಲ್ಡ್ ಮಾಡಿಸುವುದೂ ಬೇಡ, ಬೆಂಕಿ ತಾಗಿದ ಕಡೆ ಉಕ್ಕಿನ ಹದ ಕೆಟ್ಟು ಅಲ್ಲೇ ಪಕ್ಕದಲ್ಲಿ ಮತ್ತೆ ಮುರಿಯುತ್ತದೆ. ಶಾಕ್ ಅಬ್ಸಾರ್ಬರಿಗೆ ತೂತು ಕೊರೆದು ಎಣ್ಣೆ ತುಂಬಿ 'ರೀಕಂಡೀಷನ್' ಮಾಡಿಸುವುದು ಅಗ್ಗವೇನೋ ಹೌದು. ಆದರೆ ಗ್ಯಾಸ್ ತುಂಬಿದ ಶಾಕಿನಲ್ಲಿ ಹೋದ ಗ್ಯಾಸ್ ಎಣ್ಣೆ ಸುರಿದರೆ ವಾಪಸ್ ಬಂದೀತೇ? ಸ್ಪ್ರಿಂಗಿನ ಸುತ್ತುಗಳ ನಡುವೆ ಸಿಕ್ಕಿಸುವ ರಬ್ಬರ್ ಬಫರುಗಳೂ ನನಗೆ ಒಪ್ಪಿಗೆಯಿಲ್ಲ. ಕಾರು ಎತ್ತರವಾದಂತೆ ಕಾಣುತ್ತದೆ, ಸವೆದ ಶಾಕ್ ಸವೆದೇ ಇರುತ್ತದೆ. ಮುಂದಿನ ಸ್ಟ್ರಟ್ ಬಿಚ್ಚಿ ಸ್ಪ್ರಿಂಗ್ ತೆಗೆಯುವ ಸಾಹಸವನ್ನಂತೂ ಮನೆಯಲ್ಲಿ ಮಾಡಲೇಬೇಡಿ. ಅಮುಕಿಟ್ಟ ಸ್ಪ್ರಿಂಗ್ ಜಾರಿ ಚಿಮ್ಮಿದರೆ ಮೂಳೆ ಮುರಿಯುತ್ತದೆ, ಜೀವವೂ ಹೋಗಬಹುದು.

ಕಾರನ್ನು ಎತ್ತಲೇಬೇಕಾದರೆ ಡಿಕ್ಕಿಯಲ್ಲಿರುವ ಜಾಕ್ ಸ್ಟೆಪ್ನಿ ಹಾಕುವುದಕ್ಕೆ ಮಾತ್ರ. ಅದನ್ನು ನಂಬಿ ಕಾರಿನ ಅಡಿಗೆ ಹೋಗಬಾರದು. ಇಟ್ಟಿಗೆ, ಹಾಲೋ ಬ್ಲಾಕ್ ಜೋಡಿಸಿ ನಿಲ್ಲಿಸುವುದೂ ತಪ್ಪು, ಭಾರಕ್ಕೆ ಅವು ಪುಡಿಯಾಗುತ್ತವೆ. ಗಟ್ಟಿ ಜಾಕ್ ಸ್ಟ್ಯಾಂಡ್ ಜೋಡಿ ಇಲ್ಲದಿದ್ದರೆ ನೆಲದ ಮೇಲೆಯೇ ಆಗುವ ಕೆಲಸಕ್ಕೆ ನಿಲ್ಲಿಸಿಬಿಡಿ.

ಇಷ್ಟೆಲ್ಲ ಸವೆಯುವುದಕ್ಕೆ ನಮ್ಮ ರಸ್ತೆಗಳ ಕೊಡುಗೆಯೂ ಇದೆ, ಬಿಡಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಹಂಪ್‌ಗೆ ಅಳತೆ ಕೊಟ್ಟಿದೆ: 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ನಮ್ಮ ಬಡಾವಣೆಯಲ್ಲಿರುವುದು ಒಂದು ಮೊಳ ಅಗಲದ ಗೋಡೆ! ಅಂಥಲ್ಲಿ ಹಂಪ್ ಮುಟ್ಟುವ ಮೊದಲೇ ನಿಧಾನ ಮಾಡಿ, ಏರುವಾಗ ಬ್ರೇಕಿನಿಂದ ಕಾಲು ತೆಗೆಯಿರಿ. ಬ್ರೇಕ್ ಹಿಡಿದಿದ್ದರೆ ಮುಂದಿನ ಸ್ಪ್ರಿಂಗ್ ಮೊದಲೇ ಅದುಮಿಕೊಂಡಿರುತ್ತದೆ, ಪೆಟ್ಟು ದುಪ್ಪಟ್ಟು ತಾಗುತ್ತದೆ.

ಲಿಂಕ್ ನೀವೇ ಹಾಕಿದ್ದರೆ ನೂರು ಕಿಲೋಮೀಟರ್ ಓಡಿಸಿದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಸ್ಪ್ಯಾನರ್ ಹಿಡಿದು ನೋಡಿ. ಆರ್ಮ್, ಸ್ಟ್ರಟ್, ಟೈ ರಾಡ್ ಕೆಲಸ ಗ್ಯಾರೇಜಿನಲ್ಲಿ ಆಗಿದ್ದರೆ ವ್ಹೀಲ್ ಅಲೈನ್‌ಮೆಂಟ್ ಮಾಡಿಸಿಯೇ ಕಾರು ಮನೆಗೆ ತನ್ನಿ. ಬಿಚ್ಚಿದ ಹಳೇ ಪಾರ್ಟ್‌ಗಳನ್ನೂ ಕೇಳಿ ತೆಗೆದುಕೊಳ್ಳಿ.