ಬಣ್ಣ ತಗದವರು ಯಾರು?

ನಮ್ಮ ಹಿತ್ತಲದಾಗಿನ ಬ್ರಹ್ಮಕಮಲ ಈ ಸಲ ಆಷಾಢದಾಗ ಒಂದೇ ರಾತ್ರಿ ಒಂಬತ್ತು ಹೂ ಬಿಡ್ತು. ಧಾರವಾಡದಾಗ ಬ್ರಹ್ಮಕಮಲ ಅರಳೋದಂದ್ರ ಒಂದು ಸಣ್ಣ ಮುಂಜವಿ ಇದ್ದಂಗ, ನಿಮಗೇನ ಹೇಳೋದು. ಸಂಜೀ ಮುಂದ ಮೊಗ್ಗು ಮಾರಿ ಎತ್ತಿದ್ದು ನೋಡಿದ ಕೂಡಲೇ ನನ್ನ ಹೆಂಡ್ತಿ ಓಣಿಗೆಲ್ಲಾ ಸುದ್ದಿ ಮುಟ್ಟಿಸಿದ್ಲು. ಒಂಬತ್ತೂವರಿ ಅನ್ನೋದ್ರಾಗ ಹಿತ್ತಲದಾಗ ಹದಿನೈದು ಮಂದಿ, ಹದಿನೈದು ಫೋನು. ಒಬ್ಬರು ಆರತಿ ಮಾಡಿದ್ರು, ಇಬ್ಬರು ಹೂವಿನ ಬಾಜೂ ಮಾರಿ ಇಟ್ಟು ಸೆಲ್ಫಿ ತಗೊಂಡ್ರು, ಉಳದವರು ಫ್ಲ್ಯಾಶ್ ಹೊಡದು ಹೊಡದು ಆ ಹೂವಿಗೇ ಕಣ್ಣು ಕತ್ತಲಿ ಬರೋಹಂಗ ಮಾಡಿದ್ರು. ಹಚ್ಚಿದ ಅವಲಕ್ಕಿ ತಿಂದು, ಚಹಾ ಕುಡದು, ಹನ್ನೊಂದಕ್ಕ ಎಲ್ಲಾರೂ ಮನಿ ಹಾದಿ ಹಿಡದ್ರು.

ಆಮ್ಯಾಲೆ ನನ್ನ ಮಗಳು ಹೊರಗ ಬಂದ್ಲು. ಕಾಲೇಜಿಗೆ ಹೋಗೋ ಹುಡುಗಿ, ಫೋಟೋದ್ದು ಭಾಳ ಹುಚ್ಚು. ಹಿತ್ತಲದ ಲೈಟ್ ಆರಿಸಿದ್ಲು. ಹೂವಿನ ಹಿಂದ ನಮ್ಮ ಅತ್ಯಾನ ಕರೀ ಶಾಲು ಕಟ್ಟಿದ್ಲು. ಅತ್ಯಾನ ಕೈಯಾಗ ಬ್ಯಾಟರಿ ಕೊಟ್ಟು, "ಅಜ್ಜಿ, ಬಾಜೂದಿಂದ ಹಿಡಿ, ಅಳಗಾಡಬ್ಯಾಡ" ಅಂದ್ಲು. ಅತ್ಯಾ ಅಂದ್ರ ನಮ್ಮಪ್ಪನ ಅಕ್ಕ, ನಾ ಹುಟ್ಟೋಕಿಂತ ಮೊದಲಿಂದ ನಮ್ಮ ಮನ್ಯಾಗ ಇದ್ದಾಕಿ. ಎಪ್ಪತ್ತೆಂಟು ವರ್ಷದಾಕಿ, ಸೊಂಟನೋವು ಬ್ಯಾರೆ, ಅರ್ಧಾ ತಾಸು ಬ್ಯಾಟರಿ ಹಿಡಕೊಂಡು ನಿಂತ್ಲು.

ಮಗಳು ಆ ಫೋಟೋ ಕರಿ-ಬಿಳಿ ಮಾಡಿ ಮರುದಿನ ನಮ್ಮ ಮನೆತನದ ವಾಟ್ಸಾಪ್ ಗ್ರೂಪಿಗೆ ಹಾಕಿದ್ಲು. ಹತ್ತು ನಿಮಿಷದಾಗ ನಮ್ಮ ಕಾಕಾನ ಮೆಸೇಜು ಬಂತು. "ಮಂಗಳದ ಹೂವು. ಅದರ ಬಣ್ಣ ತಗದು ಹಿಂಗ್ಯಾಕ ಅವಲಕ್ಷಣ ಮಾಡೀದಿ? ಕರಿ-ಬಿಳಿ ಫೋಟೋ ಇರೋದು ಹೋದವರದ್ದು. ಶ್ರಾವಣ ಬಂತು, ಮೊದಲ ತಗದು ಹಾಕು." ಅದರ ಬೆನ್ನಿಗೇ ಎಂಟು ಮಂದಿ ಕೈ ಮುಗಿಯೋ ಚಿತ್ರ ಕಳಿಸಿದ್ರು, ಕಾಕಾಗ. ಮಗಳು ಒಂದ ಮಾತೂ ಆಡಲಿಲ್ಲ. ಫೋಟೋ ಅಳಿಸಿದ್ಲು. ಗ್ರೂಪಿನಾಗಿಂದ ಅಷ್ಟ ಅಲ್ಲ, ಫೋನಿನಾಗಿಂದನೂ ಅಳಿಸಿದ್ಲು.

ಅದಕ್ಕ ನಾ ಇದನ್ನ ಬರೀಲಿಕ್ಕತ್ತೇನಿ. ಕಾಕಾ ನನಗ ಅಕ್ಷರಾ ಕಲಿಸಿದವರು, ಅವರ ಮ್ಯಾಲೆ ನಂಗೇನೂ ಸಿಟ್ಟಿಲ್ಲ. ಆದ್ರ ಆ ಮಾತು ತಪ್ಪು, ಮೂರು ಕಡೆಯಿಂದ ತಪ್ಪು.

ಮೊದಲನೇದ್ದು, ಯಾವ ಬಣ್ಣ ತಗದ್ಲಪಾ ನನ್ನ ಮಗಳು? ಬ್ರಹ್ಮಕಮಲಕ್ಕ ಹೊರಗಿನ ಸಣ್ಣ ಎಸಳಿನ ಮ್ಯಾಲೆ ಒಂಚೂರು ಗುಲಾಬಿ ಛಾಯಾ ಬಿಟ್ರ ಉಳದದ್ದೆಲ್ಲಾ ಬೆಳ್ಳಗ. ಕತ್ತಲದಾಗ ಹಾರೋ ಪತಂಗಕ್ಕ ಕಾಣಲಿ ಅಂತ ಬೆಳ್ಳಗ, ಹುಡುಕಿಕೊಂಡು ಬರಲಿ ಅಂತ ಘಮಘಮ. ರಾತ್ರಿ ಅರಳಿ ಬೆಳಗಾಗೋದ್ರಾಗ ಜೋತು ಬೀಳೋ ಹೂವು ಬಣ್ಣ ತೋರಿಸೋದರ ಯಾರಿಗೆ? ಇನ್ನ ಆ ಹದಿನೈದು ಫೋನಿನ ಕಲರ್ ಫೋಟೋ ತಗದು ನೋಡ್ರಿ. ಒಂದರಾಗ ಹೂವು ಹಳದಿ ಆಗೇದ, ಯಾಕಂದ್ರ ನಮ್ಮ ಹಿತ್ತಲದ ಬಲ್ಬ್ ಹಳದಿ. ಇನ್ನೊಂದರಾಗ ಫ್ಲ್ಯಾಶ್ ಬಡದು ಸುಣ್ಣ ಬಳದಂಗ ಆಗೇದ, ಎಸಳು ಯಾವುದು, ನಡುವಿನ ಕುಸುಮ ಯಾವುದು ತಿಳಿಯೂದಿಲ್ಲ. ಕಾಕಾಗ ಬೇಕಾಗಿದ್ದ ಬಣ್ಣ ಹೂವಿಂದಲ್ಲ, ನಮ್ಮ ಮನಿ ನಲವತ್ತು ರೂಪಾಯಿ ಬಲ್ಬಿಂದು. ಮಗಳ ಫೋಟೋದಾಗ ಒಂದೊಂದು ಎಸಳಿನ ಮ್ಯಾಲಿನ ಸಣ್ಣ ಗೆರಿ ಸಹಿತ ಕಾಣತಿತ್ತು. ಅತ್ಯಾ ಭೂತಗನ್ನಡಿ ತರಿಸಿಕೊಂಡು ನೋಡಿದ್ಲು.

ಮಂಗಳದ ಮಾತಿಗೆ ಬಂದ್ರ, ಖರೇ ಬ್ರಹ್ಮಕಮಲ ಹಿಮಾಲಯದ್ದು, ಉತ್ತರಾಖಂಡದ ರಾಜ್ಯ ಹೂವು. ನಮ್ಮ ಹಿತ್ತಲದಾಗ ಇರೋದು ಮೆಕ್ಸಿಕೋ ಕಡೆಯಿಂದ ಬಂದ ಕಳ್ಳಿ ಜಾತಿದು. ಎಲಿ ಅಂತ ನಾವು ನೆಡೋದೂ ಅದರ ಎಲಿ ಅಲ್ಲ, ಚಪ್ಪಟಿ ಕಾಂಡ. ಹೆಸರು ಕೊಟ್ಟವರು ನಾವು, ಮಂಗಳ ಕೊಟ್ಟವರೂ ನಾವು. ಕೊಡಲಿ, ಛಲೋನ ಆತು. ಆದ್ರ ನಾವ ಕೊಟ್ಟದ್ದು ಒಂದು ಫೋಟೋಕ್ಕ ಹೋಗಿಬಿಡತದ ಅಂದ್ರ ಅದು ಎಂಥಾ ಮಂಗಳ?

ಎರಡನೇದ್ದು, "ಹೂವಂದ್ರನ ಬಣ್ಣ" ಅನ್ನೋ ಮಾತು. ಹಂಗಾರ ಮಲ್ಲಿಗಿ, ಜಾಜಿ, ನಂದಬಟ್ಟಲ, ಸುಗಂಧರಾಜ, ತುಂಬಿ, ಇವೆಲ್ಲಾ ಹೂವಲ್ಲೇನು? ನಮ್ಮ ಕಣ್ಣಿಗೆ ಕೆಂಪಗ ಕಾಣೋ ಹೂವು ಜೇನುಹುಳಕ್ಕ ಕೆಂಪಗ ಕಾಣೂದಿಲ್ಲ, ಅದಕ್ಕ ಕೆಂಪು ಬಣ್ಣ ತಿಳಿಯೂದೇ ಇಲ್ಲ. ಅದಕ್ಕ ಕಾಣೋ ನೇರಳಾತೀತ ಗುರ್ತು ನಮಗ ಕಾಣೂದಿಲ್ಲ. ಬಣ್ಣ ಅನ್ನೋದು ನೋಡವ್ರ ಕಣ್ಣಿಗೆ ತಕ್ಕಂಗ. ಆಕಾರ ಹಂಗಲ್ಲ. ಅತ್ಯಾ ಈಗ ಕಣ್ಣು ಮಸುಕಾದ ಮ್ಯಾಲೂ ಜಾಜಿ ಯಾವುದು, ಮಲ್ಲಿಗಿ ಯಾವುದು ಅಂತ ಬೆರಳಿನಿಂದ ಮುಟ್ಟಿ ಹೇಳತಾಳ, ಮುಟ್ಟಿ ಮಾಲಿ ಕಟ್ಟತಾಳ.

"ಹಿಂದಿನವರು ಗತಿ ಇಲ್ಲದಕ್ಕ ಕರಿ-ಬಿಳಿ ತಗೀತಿದ್ರು" ಅಂತಾರ. ಅದೂ ಪೂರ್ತಿ ಖರೇ ಅಲ್ಲ. ಫ್ರಾನ್ಸಿನ ಲೂಮಿಯೇರ್ ಅಣ್ಣ-ತಮ್ಮ ಬಟಾಟಿ ಹಿಟ್ಟಿನ ಕಣಕ್ಕ ಬಣ್ಣ ಹಾಕಿ ಮಾಡಿದ ಆಟೋಕ್ರೋಮ್ ಅನ್ನೋ ಕಲರ್ ಪ್ಲೇಟು 1907ರಾಗನ ಮಾರಾಟಕ್ಕ ಬಂದಿತ್ತು. ಅದಾದ ಹದಿನೆಂಟು ವರ್ಷಕ್ಕ, 1925ರ ಸುಮಾರಿಗೆ, ಅಮೆರಿಕಾದ ಇಮೋಜೆನ್ ಕನ್ನಿಂಗ್‌ಹ್ಯಾಮ್ ಅನ್ನೋ ಹೆಣ್ಣಮಗಳು ಮ್ಯಾಗ್ನೋಲಿಯಾ ಹೂವಿನ ಫೋಟೋ ತಗದ್ಲು, ಕರಿ-ಬಿಳಿ. ಇವತ್ತಿಗೂ ಹೂವಿನ ಫೋಟೋ ಅಂದ್ರ ಅದನ್ನ ತೋರಸ್ತಾರ. ಆಕಿ ಕಾಡು ಮೇಡು ಅಲೆದು ತಗದದ್ದಲ್ಲ. ಮನ್ಯಾಗ ಮೂರು ಗಂಡುಹುಡುಗ್ರು, ಅದರಾಗ ಎರಡು ಅವಳಿ. ಬಿಟ್ಟು ಹೊರಗ ಹೋಗ್ಲಿಕ್ಕೆ ಆಗತಿದ್ದಿಲ್ಲ. ಹಿಂಗಾಗಿ ಮನಿ ತ್ವಾಟದಾಗ ಏನು ಅರಳತಿತ್ತೋ ಅದರ ಮುಂದ ಕ್ಯಾಮೆರಾ ಇಟ್ಲು. ಜರ್ಮನಿಯ ಕಾರ್ಲ್ ಬ್ಲಾಸ್‌ಫೆಲ್ಟ್ ಅನ್ನೋ ಮಾಸ್ತರು ತನ್ನ ವಿದ್ಯಾರ್ಥಿಗಳಿಗೆ ನಮೂನಿ ಕಲಿಸ್ಲಿಕ್ಕೆ ಗಿಡ, ಮೊಗ್ಗು, ಬಳ್ಳಿ ತುದಿ ಎಲ್ಲಾ ಹಿಗ್ಗಿಸಿ ಹಿಗ್ಗಿಸಿ ಕರಿ-ಬಿಳಿ ಫೋಟೋ ತಗದಾ. 1928ರಾಗ ಅದು ಪುಸ್ತಕ ಆತು. ನೋಡಿದ್ರ ಕಬ್ಬಿಣದ ಗೇಟಿನ ನಕ್ಷಾ ಇದ್ದಂಗ ಕಾಣತಾವ. ಇಬ್ಬರೂ ಸೂತಕ ಮಾಡ್ಲಿಲ್ಲ, ನೆಟ್ಟಗ ನೋಡಿದ್ರು ಅಷ್ಟ.

ಇಲ್ಲೆ ಒಂದು ಮಾತು ಕಾಕಾನ ಪರವಾಗೂ ಹೇಳಬೇಕು. ಬಟನ್ ಒತ್ತಿ ಬಣ್ಣ ಅಳಿಸಿ "ಆರ್ಟ್" ಅಂತ ಹಾಕೋ ಮಂದಿ ಭಾಳ ಆಗ್ಯಾರ. ಅವರನ್ನ ನೋಡಿದ್ರ ನನಗೂ ಕಾಕಾನಂಗ ಬೈಬೇಕು ಅನಸ್ತದ. ಕೆಂಪು ದಾಸಾಳದ ಕಲರ್ ಫೋಟೋ ತಗದು ಬಟನ್ ಒತ್ರಿ, ಹೂವೂ ಬೂದಿ, ಎಲೀನೂ ಬೂದಿ, ಎರಡೂ ಕಲಿಸಿದ ಹಿಟ್ಟಿನಂಗ ಒಂದಾಗತಾವ. ಯಾಕಂದ್ರ ನಮ್ಮ ಕಣ್ಣಿಗೆ ಕೆಂಪು ಹಸರು ಬ್ಯಾರೆ ಬ್ಯಾರೆ ಇದ್ರೂ ಅವುಗಳ ಬೆಳಕಿನ ತೂಕ ಹತ್ತಿರ ಹತ್ತಿರ ಒಂದೇ. ಹಳೇ ಕಾಲದ ಫಿಲ್ಮಿಗೆ ಕೆಂಪು ಕಾಣತಿದ್ದಿಲ್ಲ, ಹಿಂಗಾಗಿ ಕೆಂಪು ಗುಲಾಬಿ ಕರ್ರಗ ಬರತಿತ್ತು. ಆಮ್ಯಾಲೆ ಎಲ್ಲಾ ಬಣ್ಣ ಕಾಣೋ ಫಿಲ್ಮ್ ಬಂತು. ಕ್ಯಾಮೆರಾದ ಕಣ್ಣಿಗೆ ಕೆಂಪು ಗಾಜು ಹಾಕಿದ್ರ ಅದೇ ಗುಲಾಬಿ ಬೆಳ್ಳಗ ಆಗತಿತ್ತು, ಎಲಿ ಕರ್ರಗ. ಈಗ ಫೋನಿನ ಆ್ಯಪ್‌ನಾಗೂ ಕೆಂಪು, ಹಸರು, ನೀಲಿ ಒಂದೊಂದನ್ನ ಬ್ಯಾರೆ ಬ್ಯಾರೆ ತಿಳಿ-ಗಾಢ ಮಾಡ್ಲಿಕ್ಕೆ ಬರತದ. ಅಂದ್ರ ಕರಿ-ಬಿಳಿ ತಗಿಯೋದಂದ್ರ ಯಾವುದು ಮುಂದ ಬರಬೇಕು, ಯಾವುದು ಹಿಂದ ಸರೀಬೇಕು ಅಂತ ಹೂವಿನ ಮುಂದ ನಿಂತು ನೀವ ತೀರ್ಮಾನ ಮಾಡಬೇಕು. ಬೆಳಕು ಬಾಜೂದಿಂದ ಬೇಕು, ಫ್ಲ್ಯಾಶ್ ಬ್ಯಾಡ, ಹಿಂದ ಕರೀದು ಏನರ ಬೇಕು, ಬಿಳಿ ಹೂವಾದ್ರ ಬೆಳಕು ಒಂದಿಷ್ಟು ಕಡಿಮಿ ಮಾಡಬೇಕು, ಇಲ್ಲಂದ್ರ ಗೆರಿ ಸುಟ್ಟು ಹೋಗತಾವ. ನನ್ನ ಮಗಳು ಇದನ್ನೆಲ್ಲಾ ಮಾಡಿದ್ಲು. ಹದಿನೈದು ಮಂದಿಯೊಳಗ ಆ ಹೂವನ್ನ ಖರೇ ಖರೇ ನೋಡಿದಾಕಿ ಆಕಿ ಒಬ್ಬಾಕಿ, ಬ್ಯಾಟರಿ ಹಿಡದಾಕಿ ಇನ್ನೊಬ್ಬಾಕಿ.

ಚೆಂಡು ಹೂವಿನ ರಾಶಿ, ಸಂತಿಯೊಳಗಿನ ಶಾವಂತಗಿ ಬುಟ್ಟಿ ಕಲರ್‌ನಾಗೇ ತಗೀರಿ, ಯಾರು ಬ್ಯಾಡಂತಾರ. ನಾ ಅನ್ನೋದು, ಕರಿ-ಬಿಳಿ ತಗದಾಕಿಗೆ ಅಪಶಕುನದ ಹಣೆಪಟ್ಟಿ ಹಚ್ಚಬ್ಯಾಡ್ರಿ.

ಈಗ ಮೂರನೇದ್ದು. ಇದನ್ನ ಬರಿಯೋದೋ ಬ್ಯಾಡೋ ಅಂತ ನಾಕು ದಿವಸ ವಿಚಾರ ಮಾಡಿ, ಅತ್ಯಾನ್ನ ಕೇಳಿ ಬರೀಲಿಕ್ಕತ್ತೇನಿ. "ಬರಿ, ನನ್ನ ಹೆಸರು ಹಾಕಬ್ಯಾಡ" ಅಂದ್ಲು.

"ಕರಿ-ಬಿಳಿ ಅಂದ್ರ ಹೋದವರದ್ದು" ಅಂದರಲಾ ಕಾಕಾ, ನಮ್ಮ ಮನಿ ಆಲ್ಬಮ್ ತಗದು ನೋಡ್ರಿ. ಅತ್ಯಾನ ಮದವಿ 1966ರಾಗ ಆತು. ಅದರದ್ದು ಒಂದ ಒಂದು ಫೋಟೋ ಅದ, ಕರಿ-ಬಿಳಿ. ಹೆಗಲ ಮ್ಯಾಲಿಂದ ಮುಂದ ಬಿಟ್ಟ ಹೆರಳು, ಹೆರಳಿನ ತುಂಬ ಹೂವು. "ಇದು ಅಬ್ಬಲಿಗಿ, ಇದು ದುಂಡುಮಲ್ಲಿಗಿ, ಇದು ನಮ್ಮ ಹಿತ್ತಲದ್ದೇ ಗುಲಾಬಿ, ನಮ್ಮವ್ವ ಮುಂಜಾನೆ ಹರಕೊಂಡು ಬಂದಿದ್ಲು" ಅಂತ ಅತ್ಯಾ ಬೆರಳಿಟ್ಟು ಹೇಳತಾಳ. ಫೋಟೋದಾಗ ಎಲ್ಲಾ ಬೂದಿ ಬಣ್ಣ. ಆಕಿಗೆ ಒಂದೂ ಬಣ್ಣ ಮರತಿಲ್ಲ.

1977ರಾಗ ಮಾಮಾ ಹೋದ. ಅತ್ಯಾಗ ಆಗ ಮೂವತ್ತು. ಆಮ್ಯಾಲೆ ಏನಾತು ಅಂತ ನಾ ಬಿಡಿಸಿ ಹೇಳೋದು ಬ್ಯಾಡ, ನಿಮ್ಮ ನಿಮ್ಮ ಮನ್ಯಾಗೂ ಅಂಥಾ ಒಬ್ಬ ಅತ್ಯಾ, ಒಬ್ಬ ಮೌಶಿ ಇದ್ದಾಳ. ನಮ್ಮ ಮನಿಗೆ ಮೊದಲನೇ ಕಲರ್ ಫೋಟೋ ಬಂದದ್ದು 1987ರಾಗ, ನನ್ನ ಮುಂಜವಿಯೊಳಗ. ಎಲ್ಲಾ ಹೆಣ್ಣಮಕ್ಕಳ ತಲಿಯೊಳಗೂ ಹೂವು. ಆ ಹೂವಿನ ಮಾಲಿ ಎಲ್ಲಾ ಹಿಂದಿನ ರಾತ್ರಿ ಕೂತು ಕಟ್ಟಿದಾಕಿ ಅತ್ಯಾ. ಫೋಟೋದಾಗ ಆಕಿ ಒಂದು ಮೂಲಿಗೆ ನಿಂತಾಳ, ಬರೀ ತಲಿ. ಅಲ್ಲಿಂದ ಇಲ್ಲೀತನಕ ನಲವತ್ತು ವರ್ಷದ ಕಲರ್ ಫೋಟೋ ಎಲ್ಲಾ ತಿರುವಿ ಹಾಕಿದೆ. ಒಂದರಾಗೂ ಆಕಿ ತಲಿಯೊಳಗ ಹೂವಿಲ್ಲ.

ಹಂಗಾರ ಈಗ ಹೇಳ್ರಿ. ನಮ್ಮ ಮನಿ ಮಟ್ಟಿಗೆ ಮಂಗಳದ ಫೋಟೋ ಯಾವುದು, ಸೂತಕದ ಫೋಟೋ ಯಾವುದು? ಫೋಟೋದಾಗಿನ ಹೂವಿಗೆ ಬಣ್ಣ ಇಲ್ಲಂತ ಎಂಟು ಮಂದಿ ಮರಗಿದ್ರಿ. ಮನ್ಯಾಗಿನ ಹೆಣ್ಣಮಗಳ ತಲಿಯೊಳಗಿಂದ ಹೂವು ತಗದಾಗ ಎಷ್ಟು ಮಂದಿ ಮೆಸೇಜು ಕಳಿಸಿದ್ರಿ? ಕಾಕಾ, ನಿಮಗ ಆವಾಗ ಇಪ್ಪತ್ತೆರಡು ವರ್ಷ. ನೀವ ಆಕಿ ಸ್ವಂತ ತಮ್ಮ. ನೀವು ಆವತ್ತ ಮಾತಾಡಲಿಲ್ಲ, ಮಾತಾಡೋ ಹಂಗ ಇದ್ದಿದ್ದಿಲ್ಲ, ಅದು ನಂಗೂ ತಿಳೀತದ. ಆದ್ರ ಆವತ್ತ ಆಡಬೇಕಾಗಿದ್ದ ಮಾತು ಈಗ ಹತ್ತೊಂಬತ್ತು ವರ್ಷದ ಹುಡುಗಿ ಮ್ಯಾಲೆ ಆಡಬ್ಯಾಡ್ರಿ.

ಮಗಳು ಅಳಿಸಿದ ಫೋಟೋ ಹೋಗಿಲ್ಲ. ಆಕಿ ಅಳಿಸೋಕಿಂತ ಮೊದಲ ಅತ್ಯಾ ಅದನ್ನ ನನ್ನ ಫೋನಿಗೆ ಹಾಕಿಸಿಕೊಂಡಿದ್ಲು, ದೊಡ್ಡದು ಮಾಡಿ ನೋಡ್ಲಿಕ್ಕೆ. ನಾ ಹೋಗಿ ದೊಡ್ಡ ಪ್ರಿಂಟ್ ಹಾಕಿಸಿಕೊಂಡು ಬಂದೆ. ಪಡಸಾಲಿ ಗ್ವಾಡಿಗೆ, ಅತ್ಯಾನ ಮದವಿ ಫೋಟೋದ ಬಾಜೂಕ್ಕ ಹಾಕೇವಿ. ಶ್ರಾವಣದಾಗನ ಹಾಕೇವಿ. ನನ್ನ ಹೆಂಡ್ತಿ ಒಂದು ಮಾಲಿ ತಂದು, "ಇವತ್ತರ ಮುಡಕೋರಿ ಅತ್ಯಾ" ಅಂದ್ಲು. "ಈಗ ಎಲ್ಲಿ ಕೂದಲಾ ಉಳದಾವ ನಂದು, ಜಾರಿ ಚಹಾದಾಗ ಬೀಳತದ ಅದು" ಅಂದು ಅತ್ಯಾ ನಕ್ಕಳು. ಮಾಲಿ ವಾಪಸ್ ಕೊಡಲಿಲ್ಲ. ರಾತ್ರಿ ನೋಡಿದ್ರ ಆಕಿ ದಿಂಬಿನ ಬಾಜೂ ಇತ್ತು.

ಕಾಕಾ ನವರಾತ್ರಿಗೆ ಬರತಾರ. ಬರ್ರಿ ಕಾಕಾ, ಪಡಸಾಲಿಯೊಳಗ ಕೂಡ್ರಿ. ಫೋಟೋದ ಕೆಳಗ ಮಗಳು ಸಣ್ಣ ಅಕ್ಷರದಾಗ ತನ್ನ ಹೆಸರು ಬರದಾಳ, ಅದರ ಮುಂದ "ಬೆಳಕು" ಅಂತ ಬರದು ನಿಮ್ಮ ಅಕ್ಕನ ಹೆಸರು. ಚಷ್ಮಾ ಮರೀದ ತರ್ರಿ.