ಬೇಲಿಯೂ ಬೇಕು, ಬಾಗಿಲೂ ಬೇಕು



ಕಾಫಿ, ಅಡಿಕೆ ಎರಡೂ ನಮ್ಮ ಒಂದೇ ಮಣ್ಣಿನಲ್ಲಿ ಬೆಳೆಯುತ್ತವೆ. ಆದರೆ ಮಾರುಕಟ್ಟೆಯ ಮಾತು ಬಂದಾಗ ನಮಗೆ ಎರಡು ನಾಲಿಗೆ. ಅಡಿಕೆಯ ಸಭೆಯಲ್ಲಿ ‘ಆಮದು ತಡೆಯಿರಿ’ ಎನ್ನುತ್ತೇವೆ. ಕಾಫಿಯ ಸಭೆಯಲ್ಲಿ ‘ರಫ್ತಿಗೆ ಅಡ್ಡಿ ಬೇಡ’ ಎನ್ನುತ್ತೇವೆ. ಇದನ್ನು ಸ್ವಾರ್ಥವೆಂದು ಹಳಿಯುವವರುಂಟು. ನಾನು ಹಾಗೆನ್ನಲಾರೆ.

ಅಡಿಕೆ ಬಹುತೇಕ ನಮ್ಮ ದೇಶದೊಳಗೇ ಖರ್ಚಾಗುವ ಸರಕು. ಅದಕ್ಕೆ ಬೇಲಿಯೇ ರಕ್ಷಣೆ. 1973ರಲ್ಲಿ ಕ್ಯಾಂಪ್ಕೊ ಹುಟ್ಟಿದ್ದು ಬೆಲೆ ಕುಸಿತದ ಸಂಕಟದಿಂದ. 2023ರಲ್ಲಿ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದ್ದು ನಮಗೆಲ್ಲ ನೆಮ್ಮದಿ ತಂದಿತು.

ಕಾಫಿಯ ಕಥೆ ಬೇರೆ. ದೇಶದ ಬೆಳೆಯ ಬಹುಪಾಲು ಹಡಗು ಹತ್ತುತ್ತದೆ. 1942ರ ಕಾಯಿದೆಯಂತೆ ನಮ್ಮ ಹಿರಿಯರು ಫಸಲನ್ನೆಲ್ಲ ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕಿತ್ತು. ಹಣ ಕಂತು ಕಂತಾಗಿ ಬರುತ್ತಿತ್ತು. ನಮ್ಮ ತಂದೆಯವರು ಕೊನೆಯ ಕಂತಿಗಾಗಿ ಕಾದು, ಅಷ್ಟರಲ್ಲಿ ಮುಂದಿನ ಫಸಲಿನ ಆಳುಗಳ ಸಂಬಳಕ್ಕೆ ಸಾಲ ಮಾಡುತ್ತಿದ್ದುದನ್ನು ಕಂಡಿದ್ದೇನೆ. ಆದರೂ ಬೆಲೆ ಪಾತಾಳಕ್ಕೆ ಇಳಿಯದೆಂಬ ಧೈರ್ಯ ಅವರಿಗಿತ್ತು.

1989ರಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿತ್ತು. 1991ರಲ್ಲಿ ನಮ್ಮ ದೊಡ್ಡ ಗಿರಾಕಿಯಾಗಿದ್ದ ಸೋವಿಯೆತ್ ಒಕ್ಕೂಟವೇ ಇಲ್ಲವಾಯಿತು. 1992ರಿಂದ ಹಂತ ಹಂತವಾಗಿ ಪೂಲ್ ಸಡಿಲಗೊಂಡು, 1996ರ ಹೊತ್ತಿಗೆ ಮಾರಾಟ ಪೂರ್ಣ ಮುಕ್ತವಾಯಿತು. 1994ರಲ್ಲಿ ಬ್ರೆಜಿಲಿನ ಹಿಮಗಟ್ಟುವ ಚಳಿಯಿಂದ ದರ ಏರಿದ್ದರಿಂದ ಮುಕ್ತ ಮಾರುಕಟ್ಟೆ ನಮಗೆ ಕಲ್ಪವೃಕ್ಷದಂತೆ ಕಂಡಿತು. ಕಾಲೇಜು ಮುಗಿಸಿ ಬಂದಿದ್ದ ನಾನೂ ಚಪ್ಪಾಳೆ ತಟ್ಟಿದವನೇ. ಆದರೆ 2001–02ರಲ್ಲಿ ವಿಶ್ವದ ಬೆಲೆ ಮೂರು ದಶಕಗಳಲ್ಲೇ ಕನಿಷ್ಠಕ್ಕಿಳಿದಾಗ ಕೊಯ್ಲಿನ ಕೂಲಿ ಕೂಡ ಹುಟ್ಟಲಿಲ್ಲ.

ಅದೇ ಕಾಲದಲ್ಲಿ ವಿಯೆಟ್ನಾಮ್ ಏನು ಮಾಡಿತು ನೋಡಿ. 1986ರ ಸುಧಾರಣೆಯ ನಂತರ ಆ ಬಡ ದೇಶ ಬಾಗಿಲು ತೆರೆದುದಷ್ಟೇ ಅಲ್ಲ. ದಕ್ ಲಕ್ ಮುಂತಾದ ಎತ್ತರದ ಸೀಮೆಗಳಲ್ಲಿ ರೊಬಸ್ಟಾ ನೆಡಿಸಿತು, ನೀರಾವರಿಗೆ ಒತ್ತು ಕೊಟ್ಟಿತು. ಶತಮಾನ ತಿರುಗುವಷ್ಟರಲ್ಲಿ ಕೊಲಂಬಿಯಾವನ್ನು ಹಿಂದಿಕ್ಕಿ ಬ್ರೆಜಿಲಿನ ನಂತರದ ಸ್ಥಾನಕ್ಕೇರಿತು. ಅಲ್ಲಿಯ ಹೆಕ್ಟೇರ್ ಇಳುವರಿ ನಮ್ಮ ಎರಡರಷ್ಟಕ್ಕೂ ಮಿಗಿಲು. ಅಲ್ಲಿ ಕಾಡು ಕರಗಿತು, ಅಂತರ್ಜಲ ಇಳಿಯಿತು ಎಂಬುದೂ ನಿಜ. ಅದನ್ನು ನಾವು ಅನುಕರಿಸಬೇಕಿಲ್ಲ. ಆದರೆ ನೀತಿಯ ಜತೆಗೆ ಸಿದ್ಧತೆಯೂ ಇದ್ದರೆ ಮಾತ್ರ ರಫ್ತು ಬೆಳೆಯುತ್ತದೆ ಎಂಬ ಪಾಠವನ್ನು ಮರೆಯಬಾರದು.

ಈಗ ಇನ್ನೊಂದು ಬಾಗಿಲು ನಮ್ಮ ಮುಂದಿದೆ. ಐರೋಪ್ಯ ಒಕ್ಕೂಟದ 2023ರ ಅರಣ್ಯನಾಶ ನಿಯಮದಂತೆ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದ ಕಾಫಿ ಅಲ್ಲಿಗೆ ಹೋಗುವಂತಿಲ್ಲ. ಬೆಳೆದ ಜಮೀನಿನ ಅಕ್ಷಾಂಶ–ರೇಖಾಂಶ ಕೊಡಬೇಕು. ಜಾರಿಯ ದಿನ ಮುಂದೆ ಹೋಗಿದೆಯೆಂದು ನಾವು ಕಾಲು ಚಾಚಿ ಕೂರಬಾರದು. ನಮ್ಮ ಕಾಫಿಯ ಬಹು ದೊಡ್ಡ ಗಿರಾಕಿಗಳು ಇಟಲಿ, ಜರ್ಮನಿ. ನೆರಳಿನಡಿ, ಮರ ಉಳಿಸಿ ಬೆಳೆದ ಕಾಫಿ ನಮ್ಮದು. ಆದರೆ ಅದನ್ನು ತೋರಿಸುವ ಕಾಗದವಿಲ್ಲದಿದ್ದರೆ ಕೈಗೆ ಬಂದ ತುತ್ತು ಬಾಯಿಗೆ ಬಾರದು. ದೊಡ್ಡ ಎಸ್ಟೇಟುಗಳು ಇದನ್ನು ತಾವೇ ಮಾಡಿಸಿಕೊಂಡಾವು. ಎರಡು–ಮೂರು ಎಕರೆಯವರ ಗತಿ?

ಆದ್ದರಿಂದ ಬರುವ ಮಹಾಸಭೆಯ ಮುಂದೆ ಎರಡು ಸಲಹೆ ಇಡುತ್ತಿದ್ದೇನೆ. ಎಲ್ಲ ಸದಸ್ಯರ ತೋಟಗಳ ಗುರುತನ್ನು ಸಂಘದ ಖರ್ಚಿನಲ್ಲೇ ದಾಖಲಿಸುವುದು. ಪ್ರತಿ ಸದಸ್ಯರೂ ಫಸಲಿನ ಒಂದು ಪಾಲನ್ನು ಸಂಘಕ್ಕೆ ಒಪ್ಪಿಸಿ, ಒಟ್ಟಿಗೆ ಕ್ಯೂರಿಂಗ್, ಗ್ರೇಡಿಂಗ್ ಮಾಡಿಸಿ ಮಾರುವುದು.

‘ದರ ಚೆನ್ನಾಗಿರುವಾಗ ವ್ಯಾಪಾರಿ ಕಣಕ್ಕೇ ಬಂದು ಒಯ್ಯುತ್ತಾನೆ, ಸಂಘವೇಕೆ?’ ಎಂದು ಕೇಳುವವರಿದ್ದಾರೆ. 2025ರ ಆರಂಭದಲ್ಲಿ ಅರೇಬಿಕಾ ದಾಖಲೆ ಮುಟ್ಟಿದಾಗಲೂ ಇದೇ ಮಾತು ಕೇಳಿದೆ. 1994ರಲ್ಲಿ ನಾನೇ ಈ ಮಾತು ಆಡಿದ್ದೆ. ಉತ್ತರ 2001ರಲ್ಲಿ ಸಿಕ್ಕಿತು. ಸೂರು ಸೋರುವಾಗ ಹೆಂಚು ಹುಡುಕುವುದಕ್ಕಿಂತ ಬಿಸಿಲಿನಲ್ಲೇ ಹೊದಿಸುವುದು ಲೇಸು.

— ಕಾರ್ಯದರ್ಶಿ